ಕೂದಲು ಕತ್ತರಿಸಿದವರು ಯಾರು

ತವಮಣಿ ಹೇಳಿದ್ದು ಒಂದು. ಕಾಗದದಲ್ಲಿ ಇದ್ದದ್ದು ಇನ್ನೊಂದು. ಸಹಿ ಹಾಕಿಸುವ ಮೊದಲು ಓದಿ ಹೇಳಬೇಕಲ್ಲ, ಆಗ ಶೋಭನಾ ಕಾಗದದಲ್ಲಿ ಇದ್ದದ್ದನ್ನು ಓದಲಿಲ್ಲ. ತವಮಣಿ ಹೇಳಿದ್ದನ್ನೇ ನೆನಪಿನಿಂದ ಒಪ್ಪಿಸಿದಳು. ತವಮಣಿ ತಲೆಯಾಡಿಸಿ ನಾಲ್ಕೂ ಪುಟಕ್ಕೆ ಸಹಿ ಹಾಕಿದಳು. ಈ ಮೋಸ ನಡೆದದ್ದು ೨೦೧೫ರ ನವೆಂಬರಿನ ಒಂದು ಭಾನುವಾರ, ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ, ಹಾಡಹಗಲು, ಹತ್ತು ಹದಿನೈದು ಜನ ಚಹಾ ಕುಡಿಯುತ್ತಿದ್ದ ಕೋಣೆಯಲ್ಲಿ. ಶೋಭನಾಳ ಕೈಯನ್ನು ಯಾರೂ ತಿರುಚಿ ಹಿಡಿದಿರಲಿಲ್ಲ.

ಆ ಕೋಣೆ ಲಂಕಾ ತಮಿಳರ ಸಂಘದ್ದು. ಫ್ಲಾಟುಗಳ ಕಟ್ಟಡವೊಂದರ ನೆಲಮಾಳಿಗೆ. ಅಕ್ಟೋಬರಿನಲ್ಲಿ ಜಿನೀವಾದ ವಿಶ್ವಸಂಸ್ಥೆಯ ಸಭೆಯಿಂದ ಸುದ್ದಿ ಬಂದಿತ್ತು. ಲಂಕೆಯ ಯುದ್ಧದಲ್ಲಿ ನಡೆದ ಅಪರಾಧಗಳಿಗೆ ವಿಶೇಷ ನ್ಯಾಯಾಲಯ ಬರುತ್ತದೆ, ಹೊರದೇಶದ ನ್ಯಾಯಾಧೀಶರೂ ಕೂರುತ್ತಾರೆ ಎಂದು. ಯುದ್ಧ ಮುಗಿದು ಆರು ವರ್ಷವಾಗಿತ್ತು. ಆರು ವರ್ಷ ಹಲ್ಲು ಕಚ್ಚಿಕೊಂಡಿದ್ದ ಜನ ಅವತ್ತು ಆ ಕೋಣೆಯಲ್ಲಿ ಗೋಳಾಡಿ ಅತ್ತರು. ಸಂಘದ ಅಧ್ಯಕ್ಷ ಪರಮನಾಥನ್ ಎದ್ದು ನಿಂತು, ಎಲ್ಲರ ಹೇಳಿಕೆಯನ್ನೂ ಬರೆಸೋಣ, ಕೋರ್ಟು ಬಾಗಿಲು ತೆಗೆದ ದಿನ ನಮ್ಮ ಫೈಲು ಮೊದಲು ಇರಬೇಕು ಎಂದರು. ಅವರು ಎಂಬತ್ತಾರರಲ್ಲೇ ಸ್ವೀಡನ್ನಿಗೆ ಬಂದವರು. ದಿನಸಿ ಅಂಗಡಿ ಇಟ್ಟು ಬೆಳೆದವರು. ಅವರ ಮಾತನ್ನು ಆ ಕೋಣೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ.

ಕರಿನ್ ಎಂಬ ಸ್ವೀಡಿಷ್ ವಕೀಲೆ ಒಂದು ದಿನ ಬಂದು ಹೇಗೆ ಬರೆಯಬೇಕೆಂದು ಕಲಿಸಿಕೊಟ್ಟಳು. ಬರೆಯುವವರು ಹೇಳುವವರ ಬಾಯಾಗಬೇಕು. ಅವಳು ಎಂದು ಬರೆಯಬಾರದು, ನಾನು ಎಂದೇ ಬರೆಯಬೇಕು. ಸೇರಿಸಬಾರದು. ಬಿಡಬಾರದು. ಕೊನೆಗೆ ಪೂರ್ತಿ ಹೇಳಿಕೆಯನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು, ಆಮೇಲೆ ಪುಟಪುಟಕ್ಕೂ ಸಹಿ. ತಮಿಳಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯುವವರು ಬೇಕಿತ್ತು. "ನಮ್ಮ ಶೋಭನಾ ಇದಾಳಲ್ಲ, ಇಂಡಿಯಾದವಳು, ಯಾವ ಪಕ್ಷಾನೂ ಅಲ್ಲ," ಎಂದರು ಪರಮನಾಥನ್.

ಶೋಭನಾಳಿಗೆ ಇಪ್ಪತ್ತೊಂಬತ್ತು. ಸೋಲ್ನಾದ ಲ್ಯಾಬಿನಲ್ಲಿ ಶ್ವಾಸಕೋಶದ ಕಾಯಿಲೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಯಾವ ಊರೆಂದು ಕೇಳಿದರೆ ಬೆಂಗಳೂರು ಎನ್ನುತ್ತಿದ್ದಳು. ಅದು ಸುಳ್ಳು. ಅವಳು ಹುಟ್ಟಿದ್ದು ಕೆಜಿಎಫ್‌ನ ಚಾಂಪಿಯನ್ ರೀಫಿನ ಕಾರ್ಮಿಕರ ಲೈನಿನಲ್ಲಿ, ತಗಡಿನ ಮಾಡಿನ ಕೆಳಗೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಅಪ್ಪ ಇಪ್ಪತ್ತು ವರ್ಷ ಭೂಮಿಯೊಳಗೆ ಬಂಡೆ ಕೊರೆದು, ಪುಪ್ಪಸದ ತುಂಬ ಕಲ್ಲಿನ ಧೂಳು ತುಂಬಿಕೊಂಡು ಸತ್ತ. ಆ ಲೈನುಗಳಲ್ಲಿ ಇದ್ದವರು ಯಾವ ಜಾತಿಯವರೆಂದು ಕರ್ನಾಟಕದಲ್ಲಿ ಗೊತ್ತಿಲ್ಲದವರಿಲ್ಲ. ಹಾಗಾಗಿ ಅವಳು ಕನ್ನಡ ಕೂಟದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಲ್ಲಿನ ರಾಜಲಕ್ಷ್ಮಿ ಒಳ್ಳೆಯ ಹೆಂಗಸೇ. ಹಬ್ಬ ಬಂದರೆ ಫೋನು ಮಾಡುತ್ತಿದ್ದಳು. "ಬನ್ರೀ, ಪಾಟ್‌ಲಕ್ ಇದೆ, ಒಬ್ಬರೇ ಏನ್ ಮಾಡ್ತೀರಾ?" ಎನ್ನುತ್ತಿದ್ದಳು. ಅದರ ಬೆನ್ನಿಗೇ, "ಅಂದಹಾಗೆ ನಿಮ್ಮದು ಬೆಂಗಳೂರಲ್ಲಿ ಯಾವ ಏರಿಯಾ? ಮನೇಲಿ ಯಾವ ದೇವರು ನಿಮ್ಮದು?" ಎನ್ನುತ್ತಿದ್ದಳು. ಶೋಭನಾಳಿಗೆ ಪ್ರತಿ ಸಲವೂ ಲ್ಯಾಬಿನಲ್ಲಿ ಅರ್ಜೆಂಟು ಕೆಲಸ ಇರುತ್ತಿತ್ತು.

ಉಳಿದದ್ದು ಪರಮನಾಥನ್ ಮನೆ. ಅವರ ಅಂಗಡಿಗೆ ಕರಿಬೇವು ಕೊಳ್ಳಲು ಹೋದವಳ ಬಾಯಲ್ಲಿ ತಮಿಳು ಕೇಳಿ ಅಂಕಲ್ ಮನೆಗೆ ಕರೆದರು. ಆಮೇಲೆ ಮೂರು ವರ್ಷ ಪ್ರತಿ ಭಾನುವಾರ ಊಟ ಅಲ್ಲೇ. ಅವರ ಹೆಂಡತಿ, ಆಂಟಿ, ಮೊದಲ ದಿನವೇ ಮೆಲ್ಲಗೆ ಕೇಳಿದ್ದರು: "ನಿಮ್ಮ ಮನೇಲಿ ಮೀನು ಮಾಂಸ ಎಲ್ಲ ಉಂಟಾ?" ಕೇಳುತ್ತಿರುವುದು ಜಾತಿಯನ್ನು ಎಂದು ಆ ದನಿಯಲ್ಲೇ ಶೋಭನಾಳಿಗೆ ಅರ್ಥವಾಯಿತು. "ಇಲ್ಲ ಆಂಟಿ, ನಾವು ವೆಜ್," ಎಂದುಬಿಟ್ಟಳು. ಎಂಥ ಪೆದ್ದಿ ನೋಡಿ. ಮೂರು ವರ್ಷ ಆ ಮನೆಯ ಏಡಿ ಸಾರಿನ ಘಮಕ್ಕೆ ಬಾಯಲ್ಲಿ ನೀರೂರಿಸಿಕೊಂಡು ಬದನೆಕಾಯಿ ತಿಂದಳು. ಆದರೂ ಹೋಗುತ್ತಿದ್ದಳು. ವಾರದ ಆರು ದಿನ ಅವಳ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಲ್ಯಾಬಿನಲ್ಲಿ ಫೀಕಾ ಎನ್ನುವ ಕಾಫಿ ಬಿಡುವಿನ ಹೊತ್ತಿನಲ್ಲಿ ಎಲ್ಲರೂ ಕಾಫಿ ಹಿಡಿದು ಸ್ವೀಡಿಷ್‌ನಲ್ಲಿ ನಗುತ್ತಿದ್ದರು. ಅವಳು ಅರ್ಥವಾದವಳಂತೆ ಹಲ್ಲು ಕಿರಿಯುತ್ತಿದ್ದಳು. ಭಾನುವಾರ ಆಂಟಿ ತಲೆ ಸವರಿ, "ಸೊರಗಿ ಹೋಗಿದ್ದಿ ಪಿಳ್ಳೈ," ಎಂದರೆ ಅಷ್ಟಕ್ಕೇ ಕಣ್ಣು ತುಂಬುತ್ತಿತ್ತು. ಮಗಳನ್ನು ಅವರ ಕಡೆ ಹಾಗೆ ಕರೆಯುತ್ತಾರೆ.

ತವಮಣಿ ಆ ಕೋಣೆಯ ಪಾತ್ರೆ ತೊಳೆಯುವವಳು. ಐವತ್ತು ದಾಟಿದ ಹೆಂಗಸು. ವಾರದ ದಿನಗಳಲ್ಲಿ ಬೆಳಗ್ಗೆ ನಾಲ್ಕೂವರೆಗೆಲ್ಲ ಮೆರ್‌ಸ್ಟಾದಿಂದ ರೈಲು ಹತ್ತಿ ಬಂದು ಸೋಲ್ನಾದ ಆಫೀಸುಗಳ ಕಕ್ಕಸು ತೊಳೆಯುತ್ತಿದ್ದಳು. ಭಾನುವಾರ ಸಂಘದ ದೊಡ್ಡ ಪಾತ್ರೆಗಳನ್ನು. ಎಲ್ಲರೂ ಅವಳನ್ನು ಏಕವಚನದಲ್ಲೇ ಕರೆಯುತ್ತಿದ್ದರು, ಹತ್ತು ವರ್ಷದ ಮಕ್ಕಳೂ. ಅವಳ ಹಿರಿಯರು ಟೀ ತೋಟದ ಕೂಲಿಗಳು. ತೋಟದವಳು ಎನ್ನುವುದು ಆ ಕೋಣೆಯಲ್ಲಿ ಬೈಗುಳ. ಅವಳ ಮುತ್ತಾತನನ್ನು ತೋಟಕ್ಕೆ ಕೂಲಿಯಾಳು ಹಿಡಿಯುವ ಕಂಕಾಣಿಯೊಬ್ಬ ಆರ್ಕಾಟಿನಿಂದ ಲಂಕೆಯ ಬೆಟ್ಟಕ್ಕೆ ಹೊಡೆದುಕೊಂಡು ಹೋಗಿದ್ದ. ಶೋಭನಾಳ ಮುತ್ತಾತನನ್ನು ಮೇಸ್ತ್ರಿಯೊಬ್ಬ ಅದೇ ಆರ್ಕಾಟಿನಿಂದ ಚಿನ್ನದ ಗಣಿಗೆ ಇಳಿಸಿದ್ದ. ಇಬ್ಬರ ತಮಿಳೂ ಒಂದೇ ಥರ ಇತ್ತು. ಶೋಭನಾಳಿಗೆ ಇದು ಗೊತ್ತಾಗಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ.

ಹೇಳಿಕೆ ಬರೆಯುವ ಮೂರನೆಯ ಭಾನುವಾರ ತವಮಣಿ ಕೈ ಒರೆಸಿಕೊಂಡು ಬಂದು ಅವಳ ಎದುರಿನ ಕುರ್ಚಿಯಲ್ಲಿ ಕೂತಳು. ಆ ಕೋಣೆಯಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದನ್ನು ಶೋಭನಾ ಅದುವರೆಗೆ ನೋಡಿರಲಿಲ್ಲ.

"ನಂದೂ ಬರಕೋ," ಎಂದಳು.

"ಹೇಳಿ ಅಕ್ಕಾ."

ತವಮಣಿ ಹೇಳಿದಳು. ಅಳಲಿಲ್ಲ. ಎಪ್ಪತ್ತೇಳರ ಗಲಭೆಯಲ್ಲಿ ತೋಟದಿಂದ ಓಡಿಸಿದರು. ಕಿಳಿನೊಚ್ಚಿಯ ಹತ್ತಿರ ಕಾಡು ಕಡಿದು ಗುಡಿಸಲು ಹಾಕಿದೆವು. ಊರವರ ಗದ್ದೆಯಲ್ಲಿ ಕೂಲಿ. ಗಂಡ ಹಾವು ಕಚ್ಚಿ ಸತ್ತ. ಮಗ ಕಣ್ಣನ್ ಎಂಟು ವರ್ಷದವನು ಜ್ವರ ಬಂದು ಸತ್ತ. ಮಗಳು ಮಲರ್ ಒಬ್ಬಳು ಉಳಿದಳು. ಯುದ್ಧ ಹತ್ತಿರ ಬಂದಾಗ ಹುಡುಗರು ನಮ್ಮ ಕೇರಿಯವರನ್ನು ಬಂಕರು ತೋಡಲು ಹಿಡಿದುಕೊಂಡು ಹೋದರು. ಹುಡುಗರು ಎಂದರೆ ಬಂದೂಕು ಹಿಡಿದ ಹೋರಾಟದವರು, ಆ ಜನ ಅವರನ್ನು ಕರೆಯುವುದೇ ಹಾಗೆ. ದಿನಕ್ಕೆ ಹನ್ನೆರಡು ಗಂಟೆ ಮಣ್ಣು ತೆಗೆದೆವು. ಅಂಗೈ ಚರ್ಮ ಸುಲಿದು ಸಲಿಕೆಯ ಹಿಡಿಗೆ ಅಂಟಿಕೊಳ್ಳುತ್ತಿತ್ತು.

"ಆಮೇಲೆ ಪಟ್ಟಿ ಬಂತು," ಎಂದಳು ತವಮಣಿ. "ಎರಡು ಮಕ್ಕಳಿರೋ ಮನೆಯಿಂದ ಒಂದನ್ನ ಕೊಡಬೇಕು. ಒಂದೇ ಇದ್ರೆ ಬಿಡ್ತೀವಿ ಅಂದ್ರು. ಪಟ್ಟಿ ಬರೆದೋನು ಶಾಲೆ ಮಾಸ್ತರು. ಯೋಗನಾಥನ್. ಅವನ ಮನೇಲಿ ಎರಡು ಹೆಣ್ಣುಮಕ್ಕಳು. ಒಂದರ ಹೆಸರೂ ಪಟ್ಟೀಲಿ ಬರಲಿಲ್ಲ. ನಮ್ಮನೇಲಿ ಎರಡು ಅಂತ ಬರೆದ. ರೇಷನ್ ಕಾರ್ಡಲ್ಲಿ ಕಣ್ಣನ್ ಹೆಸರು ಹಂಗೇ ಇತ್ತು. ಸತ್ತ ಮಗಾನ ಲೆಕ್ಕಕ್ಕೆ ಹಿಡಿದು ಬದುಕಿದ್ದ ಮಗಳನ್ನ ಕೊಟ್ಟ. ಅವನಿಗೆ ಗೊತ್ತಿರಲಿಲ್ವಾ? ಶಾಲೆ ರಿಜಿಸ್ಟರಲ್ಲಿ ಕಣ್ಣನ್ ಹೆಸರು ಹೊಡೆದುಹಾಕಿದ್ದೇ ಅವನು."

ಮಲರ್‌ಗೆ ಹದಿನಾರು. ಹುಡುಗರು ಬಂದು ಮನೆಯಿಂದಲೇ ಎಳೆದುಕೊಂಡು ಹೋದರು. ಸೊಂಟದವರೆಗಿದ್ದ ಜಡೆಯನ್ನು ಬುಡಕ್ಕೇ ಕತ್ತರಿಸಿದರು. ಪಡೆಗೆ ಸೇರಿಸಿಕೊಂಡ ಹುಡುಗಿಯರಿಗೆಲ್ಲ ಹಾಗೇ. ಎರಡು ತಿಂಗಳಾದ ಮೇಲೆ ಅವಳು ತಪ್ಪಿಸಿಕೊಂಡು ತಾಯಿಯ ಹತ್ತಿರ ಓಡಿ ಬಂದಳು. ಇಬ್ಬರೂ ಎದೆಮಟ್ಟದ ಹಿನ್ನೀರು ದಾಟಿದರು. ಆಚೆ ದಡದಲ್ಲಿ ಆರ್ಮಿಯವರು ನಿಂತಿದ್ದರು. ಕೂದಲು ಕತ್ತರಿಸಿದ ಹುಡುಗಿಯರು ಬೇರೆ ಸಾಲಿಗೆ ಬನ್ನಿ ಎಂದರು. ತವಮಣಿ ಮಗಳ ತಲೆಗೆ ತನ್ನ ಸೆರಗು ಹೊದಿಸಿದಳು. ಒಬ್ಬ ಸಿಪಾಯಿ ಸೆರಗು ಎಳೆದ. ಮಲರ್‌ಳನ್ನು ಬಸ್ಸಿಗೆ ಹತ್ತಿಸಿದರು. ಆಮೇಲೆ ಅವಳನ್ನು ನೋಡಿದವರಿಲ್ಲ.

"ಯೋಗನಾಥನ್ ಅಂತ ಬರೆದ್ಯಾ?" ಎಂದು ತವಮಣಿ ಕೇಳಿದಳು.

"ಬರೆದೆ ಅಕ್ಕಾ."

"ಅವನು ಯಾರು ಗೊತ್ತಾ?" ತವಮಣಿ ಗದ್ದದಿಂದ ಆಚೆ ಮೇಜಿನತ್ತ ತೋರಿಸಿದಳು. ಅಲ್ಲಿ ಪರಮನಾಥನ್ ನಗುತ್ತ ಚಹಾ ಕುಡಿಯುತ್ತಿದ್ದರು. "ಅವರ ತಮ್ಮ. ಈಗ ಕೆನಡಾದಲ್ಲಿದಾನೆ. ನಾಲ್ಕು ವರ್ಷ ಇವರ ಎಂಜಲು ತಟ್ಟೆ ತೊಳೆದೆ ನಾನು. ಯಾರಾದರೂ ಒಂದಿನ ಕೇಳ್ತಾರೆ, ಅವತ್ತು ಇವರ ಎದುರಿಗೇ ಹೇಳಬೇಕು ಅಂತ ಇದ್ದೆ."

ಶೋಭನಾ ಮನೆಗೆ ಹೋಗಿ ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಒಂದಕ್ಷರ ಬಿಡಲಿಲ್ಲ. ಮುಂದಿನ ಭಾನುವಾರ ಪರಮನಾಥನ್ ಓದಿದರು. ಎಲ್ಲರ ಹೇಳಿಕೆಯನ್ನೂ ಮೊದಲು ಅವರೇ ಓದುತ್ತಿದ್ದರು. ಯಾರ ಅಪ್ಪಣೆಯ ಮೇಲೆ ಎಂದು ಯಾರೂ ಕೇಳಿರಲಿಲ್ಲ. ಊಟದ ಮೇಜಿನ ಮೇಲೆ ಕಾಗದ ಇಟ್ಟು ಕನ್ನಡಕ ತೆಗೆದರು.

"ಇದು ಹೋಗಬಾರದು ಪಿಳ್ಳೈ."

"ಅವರು ಹೇಳಿದ್ದೇ ಬರೆದಿದೀನಿ ಅಂಕಲ್."

"ಹೇಳ್ತಾಳೆ. ಅವಳಿಗೇನು, ಓದಿದೋಳಾ ಬರೆದೋಳಾ? ಆರ್ಮಿ ಕಡೆ ಲಾಯರುಗಳು ಕಾಯ್ತಾ ಕೂತಿದಾರೆ. ನೋಡಿ, ಇವರ ಹುಡುಗರೇ ಮಕ್ಕಳನ್ನ ಹಿಡಕೊಂಡು ಹೋದರು ಅಂತಾರೆ. ಅಲ್ಲಿಗೆ ಇಡೀ ಕೇಸು ನೀರುಪಾಲು. ಲಕ್ಷಾಂತರ ಜನರ ನ್ಯಾಯ ದೊಡ್ಡದೋ, ಒಂದು ಪಟ್ಟಿ ದೊಡ್ಡದೋ?"

ತಮ್ಮನ ಹೆಸರನ್ನು ಅವರು ಎತ್ತಲಿಲ್ಲ. ಪೆನ್ನು ತೆಗೆದು ಎರಡನೆಯ ಪುಟಕ್ಕೆ ಅಡ್ಡಗೆರೆ ಎಳೆದರು. ಬಂಕರು ಹೋಯಿತು. ಪಟ್ಟಿ ಹೋಯಿತು. ಕಣ್ಣನ್ ಹೋದ. ಆರ್ಮಿ ಮತ್ತು ಬಸ್ಸು ಉಳಿದವು.

"ಮತ್ತೆ ಕೂದಲು ಅಂಕಲ್? ಕೂದಲು ಯಾಕೆ ಕತ್ತರಿಸಿತ್ತು ಅಂತ ಕೇಳ್ತಾರಲ್ಲ?"

ಪರಮನಾಥನ್ ಪೆನ್ನಿಗೆ ಮುಚ್ಚಳ ಹಾಕಿದರು. "ಹೇನಾಗಿತ್ತು, ಅದಕ್ಕೇ ಕತ್ತರಿಸಿದ್ವಿ ಅಂತ ಬರಿ. ತೋಟದ ಜನ ಅಲ್ವಾ, ಯಾರೂ ಅನುಮಾನ ಪಡಲ್ಲ."

ಆಂಟಿ ನಕ್ಕರು. ಶೋಭನಾಳ ತಟ್ಟೆಗೆ ಇನ್ನೊಂದು ಹಿಡಿ ಶಾವಿಗೆ ಹಾಕಿದರು.

ಶೋಭನಾಳಿಗೆ ಮುಖಕ್ಕೆ ಉಗುಳಿಸಿಕೊಂಡ ಹಾಗಾಯಿತು. ಕೆಜಿಎಫ್‌ನ ಶಾಲೆಯಲ್ಲಿ ಟೀಚರು ಲೈನಿನ ಹುಡುಗಿಯರನ್ನು ಮಾತ್ರ ಹೊರಗೆ ನಿಲ್ಲಿಸಿ ಪೆನ್ಸಿಲಿನಿಂದ ಕೂದಲು ಬಿಡಿಸಿ ಹೇನು ನೋಡುತ್ತಿದ್ದರು. ಆ ಸಾಲಿನಲ್ಲಿ ಅವಳೂ ನಿಂತಿದ್ದಳು. ಆಗುವುದಿಲ್ಲ ಎಂದು ಹೇಳಬೇಕಿತ್ತು. ಎದ್ದು ಬರಬೇಕಿತ್ತು. ಮುಂದಿನ ಭಾನುವಾರ ಎಲ್ಲಿಗೆ ಹೋಗುವುದು ಎಂಬ ಯೋಚನೆ ಬಂತು. ಹೊರಗೆ ಮೂರು ಗಂಟೆಗೇ ಕತ್ತಲಾಗಿತ್ತು. ಡಿಸೆಂಬರು ಬಾಗಿಲಲ್ಲಿತ್ತು. ಅವಳು ಶಾವಿಗೆ ನುಂಗಿದಳು. ಸರಿ ಅಂಕಲ್ ಎಂದಳು.

ಓದಿ ಹೇಳುವ ದಿನ ಹೊಸ ಕಾಗದ ಅವಳ ಕೈಯಲ್ಲಿತ್ತು. ಎದುರಿಗೆ ತವಮಣಿ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಕೂತಿದ್ದಳು. ಹೇನು ಎಂದು ಓದಲು ಶೋಭನಾಳ ನಾಲಿಗೆ ಹೊರಳಲಿಲ್ಲ. ಹಾಗಾಗಿ ಅವಳು ಬಂಕರು ಹೇಳಿದಳು, ಪಟ್ಟಿ ಹೇಳಿದಳು, ಯೋಗನಾಥನ್ ಹೆಸರನ್ನು ಎರಡು ಸಲ ಹೇಳಿದಳು. ಹೇಳುತ್ತ ಹೇಳುತ್ತ ಪುಟ ತಿರುವಿದಳು. ಕರುಣೆ ತೋರುತ್ತಿದ್ದೇನೆ ಎಂದು ಆ ಕ್ಷಣಕ್ಕೆ ಅವಳಿಗೆ ಅನಿಸಿದ್ದೂ ಉಂಟು. ಹೇಡಿಗಳಿಗೆ ಹಾಗೆ ಅನಿಸುತ್ತದೆ.

ತವಮಣಿ ಸ್ವೀಡಿಷ್ ತರಗತಿಯಲ್ಲಿ ಕಲಿತ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಸಲ ತನ್ನ ಹೆಸರು ಬರೆದಳು. ಆ ಹೆಸರಿನ ಅಕ್ಷರಗಳಷ್ಟೇ ಅವಳಿಗೆ ಬರುತ್ತಿದ್ದವು. ಒಂದೊಂದಕ್ಕೂ ಒಂದು ನಿಮಿಷ ಹಿಡಿಯಿತು.

ಆ ಚಳಿಗಾಲ ಶೋಭನಾ ಭಾನುವಾರದ ಊಟಕ್ಕೆ ಹೋದಳು. ತವಮಣಿ ಈಗ ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳು. ಅವಳ ಬೆನ್ನು ನೆಟ್ಟಗಾಗಿತ್ತು. ಬುಧವಾರ ಬುಧವಾರ ಫೋನು ಮಾಡುತ್ತಿದ್ದಳು. "ಕೋರ್ಟು ಬಂತಾ? ಮಾಸ್ತರ ಹೆಸರು ನೋಡಿ ಜಡ್ಜು ಏನಂತಾನೆ ಅಂತೀಯ? ಕರೆಸ್ತಾನಾ ಅವನನ್ನ?" ಎಂದು ಕೇಳುತ್ತಿದ್ದಳು. ಶೋಭನಾ, ಇನ್ನೂ ಟೈಮ್ ಇದೆ ಅಕ್ಕಾ, ಎನ್ನುತ್ತಿದ್ದಳು. ಫೋನು ಇಟ್ಟ ಮೇಲೆ ಕೋಣೆಯಲ್ಲಿ ಹೀಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳೋಣವೆಂದರೆ ಏನೆಂದು ಹೇಳುವುದು? ಒಂದು ದಿನ ತಡೆಯಲಾರದೆ ರಾಜಲಕ್ಷ್ಮಿಗೆ ಫೋನು ಮಾಡಿ ಅರ್ಧಂಬರ್ಧ ಹೇಳಿದಳು.

"ಅಯ್ಯೋ, ಯಾಕ್ರೀ ಬೇಕು ನಿಮಗೆ ಅವರ ಜಗಳ?" ಎಂದಳು ರಾಜಲಕ್ಷ್ಮಿ. "ಲಂಕಾದವರದ್ದು ಲಂಕಾದವರು ನೋಡ್ಕೊಳ್ತಾರೆ. ನೀವು ಥೀಸಿಸ್ ಮುಗಿಸ್ಕೊಳ್ಳಿ."

ಮಾರ್ಚಿನ ಒಂದು ಶನಿವಾರ ಶೋಭನಾ ಮೆರ್‌ಸ್ಟಾಕ್ಕೆ ಹೋದಳು. ತವಮಣಿ ಕಟ್ಟಡದ ಕೆಳಗಿನ ಲಾಂಡ್ರಿ ಕೋಣೆಯಲ್ಲಿದ್ದಳು. ಹತ್ತರಿಂದ ಒಂದರವರೆಗೆ ಅವಳ ಸರದಿ. ಶೋಭನಾಳನ್ನು ನೋಡಿ ಅವಳ ಮುಖ ಅರಳಿತು. ಹೊದಿಕೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಆಚೀಚೆ ನಿಂತು ಜಗ್ಗಿ ಮಡಿಸಿದರು. ಎರಡನೆಯ ಹೊದಿಕೆ ಮಡಿಸುವಾಗ ಶೋಭನಾ ಎಲ್ಲ ಹೇಳಿದಳು. ಅಡ್ಡಗೆರೆ, ಹೇನು, ಪುಟ ತಿರುವುತ್ತ ಬಾಯಿಪಾಠ ಒಪ್ಪಿಸಿದ್ದು, ಎಲ್ಲ.

ತವಮಣಿ ಕೈಯಲ್ಲಿದ್ದ ತುದಿಯನ್ನು ಬಿಡಲಿಲ್ಲ.

"ನಾನು ಓದಲ್ಲ ಅಂತ ತಾನೇ?" ಎಂದಳು.

ಶೋಭನಾ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳೇ. ನಾನು ಓದೋಳಾಗಿದ್ರೆ ಮಾಡ್ತಿದ್ಯಾ?"

"ಇಲ್ಲ."

"ಅವರು ಮೊದಲಿಂದ ಹಂಗೇ. ಅವರ ಹತ್ರ ನಾನು ಏನೂ ಕೇಳಿಲ್ಲ. ಅಕ್ಕಾ ಅಂದೋಳು ನೀನು." ಅವಳ ದನಿ ಏರಲಿಲ್ಲ. "ನನ್ನ ಮಗಳ ತಲೇಲಿ ಹೇನು ಇತ್ತು ಅಂತ ನನ್ನ ಬಾಯಲ್ಲಿ ಹೇಳಿಸಿದ್ದೀಯಲ್ಲೇ. ವಾರಕ್ಕೆರಡು ಸಲ ಸೀಗೆಕಾಯಿ ಹಾಕಿ ತಿಕ್ಕಿದ ತಲೆ ಅದು."

ಅವಳು ಹೊದಿಕೆಯನ್ನು ಶೋಭನಾಳ ಕೈಯಿಂದ ಕಿತ್ತುಕೊಂಡಳು. ಒಬ್ಬಳೇ ಮಡಿಸಲು ಆಗದಿದ್ದರೂ ಮಡಿಸಿದಳು. ಶೋಭನಾ ಮೆಟ್ಟಿಲು ಹತ್ತಿ ಬಂದಳು. ರೈಲಿನಲ್ಲಿ ನಾಚಿಕೆ ಬಿಟ್ಟು ಗಟ್ಟಿಯಾಗಿ ಅತ್ತಳು. ಎದುರಿನ ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂತರು.

ಏಪ್ರಿಲ್‌ನಲ್ಲಿ ಫೈಲುಗಳನ್ನು ಒಪ್ಪಿಸುವ ಭಾನುವಾರ ಬಂತು. ಕರಿನ್ ಬಂದಿದ್ದಳು. ಮೇಜಿನ ಮೇಲೆ ಮೂವತ್ತೊಂದು ಫೈಲುಗಳು. ಪರಮನಾಥನ್ ಸೂಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದರು. ತವಮಣಿ ಒಳಗೆ ಬಂದಳು. ಅಡಿಗೆ ಕಡೆ ಹೋಗದೆ ನೇರ ಮೇಜಿನ ಹತ್ತಿರ ಹೋದಳು.

"ನನ್ನ ಕಾಗದ ಕೊಡಿ."

"ತವಮಣಿ, ಒಳಗೆ ಹೋಗಿ ಚಹಾಕ್ಕೆ ನೀರಿಡು," ಎಂದರು ಪರಮನಾಥನ್.

"ಇಡಲ್ಲ."

ಆ ಕೋಣೆಯಲ್ಲಿ ಆ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. ಕರಿನ್, ಏನು ಕೇಳುತ್ತಿದ್ದಾರೆ ಎಂದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಶೋಭನಾ ಹೇಳಿದಳು. ಕರಿನ್ ತಾನೇ ಹುಡುಕಿ ಫೈಲು ಕೊಟ್ಟಳು.

ತವಮಣಿ ಕುಪ್ಪಸದೊಳಗಿಂದ ಒಂದು ಚೀಟಿ ತೆಗೆದಳು. ಸ್ವೀಡಿಷ್ ತರಗತಿಯ ಟೀಚರಿಗೆ ಹೇಳಿ ಅದರಲ್ಲಿ ಒಂದೇ ಒಂದು ಹೆಸರನ್ನು ಬರೆಸಿಕೊಂಡಿದ್ದಳು. ಶೋಭನಾ ಒಪ್ಪಿಕೊಂಡದ್ದನ್ನೂ ಅವಳು ನಂಬಿರಲಿಲ್ಲ. ಇನ್ನು ಯಾರನ್ನು ನಂಬಿಯಾಳು? ಚೀಟಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳನ್ನು ಮೊದಲ ಪುಟದ ಮೊದಲ ಸಾಲಿನ ಮೇಲಿಟ್ಟಳು. ಬ್ಲೀಚು ತಿಂದು ಬಿರಿದ ಬೆರಳು. ಒಂದೊಂದೇ ಪದಕ್ಕೆ ಚೀಟಿ ಹಿಡಿದು ನೋಡುತ್ತ ಹೋದಳು. ಸಾಲು ಮುಗಿದರೆ ಮುಂದಿನ ಸಾಲು. ಪರಮನಾಥನ್ ಗಡಿಯಾರ ನೋಡಿದರು. ಕೆಮ್ಮಿದರು. ಯಾರೋ, ಏನಮ್ಮಾ ಇದು ಎಂದರು. ಅವಳು ತಲೆ ಎತ್ತಲಿಲ್ಲ. ನಾಲ್ಕು ಪುಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಮೂವತ್ತು ಜನ ಕೂತು ನೋಡಿದರು.

"ಇಲ್ಲ," ಎಂದಳು ಕೊನೆಗೆ. ಪರಮನಾಥನ್ ಕಡೆ ತಿರುಗಿದಳು. "ನಿಮ್ಮ ತಮ್ಮನ ಹೆಸರು ಇದರಲ್ಲಿಲ್ಲ."

"ತವಮಣಿ, ಕೋರ್ಟು ಬರೋ ಹೊತ್ತಲ್ಲಿ ನಮ್ಮ ನಮ್ಮೊಳಗೆ ಜಗಳ ಬೇಡ."

"ನಮ್ಮ ನಮ್ಮೊಳಗೆ? ಯಾವತ್ತು ನಾನು ನಿಮ್ಮೊಳಗಿದ್ದೆ? ಪಟ್ಟಿ ಬರೆಯೋವಾಗಲಾ? ಬಂಕರು ತೋಡೋವಾಗಲಾ? ಆರ್ಮಿಯೋನು ನನ್ನ ಮಗಳನ್ನ ಬಸ್ಸಿಗೆ ಹತ್ತಿಸಿದ. ಅವನನ್ನ ಬಿಡಲ್ಲ. ನಿಮ್ಮ ತಮ್ಮ ಅವಳನ್ನ ಹಿಡಿದು ಕೊಟ್ಟ. ಅವನನ್ನೂ ಬಿಡಲ್ಲ. ಇಬ್ಬರನ್ನೂ ನಿಲ್ಲಿಸೋ ಕೋರ್ಟು ಇದ್ರೆ ನನ್ನ ಕಾಗದ ಹೋಗಲಿ. ಒಬ್ಬನನ್ನೇ ನಿಲ್ಲಿಸೋದಾದ್ರೆ ನಿಮ್ಮ ಕೋರ್ಟೂ ಬೇಡ, ನಿಮ್ಮ ಚಹಾನೂ ಬೇಡ."

ಶೋಭನಾ ಎದ್ದು ನಿಂತಿದ್ದಳು. ತವಮಣಿ ಅಂದದ್ದನ್ನೆಲ್ಲ ಕರಿನ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಕಲಿಸಿಕೊಟ್ಟ ಹಾಗೆ, ನಾನು, ನನ್ನ ಮಗಳು ಎಂದೇ ಹೇಳಿದಳು. ಈ ಸಲ ಒಂದು ಮಾತೂ ಬಿಡಲಿಲ್ಲ.

"ಶೋಭನಾ, ಬಾಯ್ಮುಚ್ಚು," ಎಂದರು ಪರಮನಾಥನ್. "ಉಂಡ ಮನೆಗೆ ಎರಡು ಬಗೀತೀಯಾ?"

ಅವಳು ಅದನ್ನೂ ಕರಿನ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಆಂಟಿ ಮುಖ ತಿರುಗಿಸಿಕೊಂಡರು. ಆ ಮನೆಯ ಋಣ ಅಲ್ಲಿಗೆ ಹರಿಯಿತು. ಹಿಂದಿನಿಂದ ಒಬ್ಬ ಮುದುಕಿ, "ನಂದೂ ಒಂದ್ಸಲ ಓದಿ ಹೇಳ್ರಪ್ಪಾ, ಏನು ಬರೆದಿದ್ದೀರೋ," ಎಂದಳು. ಮುದುಕಿ ಮತ್ತೆ ಕೇಳಿದಳು.

ಕರಿನ್ ಇಬ್ಬರನ್ನೂ ಹೊರಗೆ ಕರೆದು ನಿಲ್ಲಿಸಿ ಹೇಳಿದಳು. ಹಳೆಯದನ್ನು ಹರಿದುಹಾಕಿ ಹೊಸದು ಬರೆದರೆ ಸಾಲದು. ಸಹಿ ಹಾಕಿದ ಪ್ರತಿಗಳು ಸಂಘದವರ ಹತ್ತಿರವೂ ಇವೆ. ನಾಳೆ ಎದುರು ವಕೀಲ ಎರಡನ್ನೂ ಹಿಡಿದು, ಈ ಹೆಂಗಸು ಮಾತು ಬದಲಿಸುತ್ತಾಳೆ ಎನ್ನುತ್ತಾನೆ. ಮೊದಲಿನದು ಯಾಕೆ ತಪ್ಪಾಯಿತು, ಯಾರು ಮಾಡಿದರು, ಹೇಗೆ ಮಾಡಿದರು, ಹೊಸದರಲ್ಲಿ ಅದೇ ಮೊದಲು ಬರಬೇಕು. ಇಲ್ಲದಿದ್ದರೆ ಎರಡೂ ಕಸಕ್ಕೆ ಸಮ.

ಶೋಭನಾ ಇದನ್ನು ತಮಿಳಿನಲ್ಲಿ ಹೇಳಿದಳು. ಬೇರೆ ಯಾರಾದರೂ ಬರೆದುಕೊಡಲಿ ಎಂದಳು.

"ನೀನೇ ಬರಿ," ಎಂದಳು ತವಮಣಿ.

ಆ ನ್ಯಾಯಾಲಯ ಬರಲಿಲ್ಲ. ಬರುತ್ತದೆ ಬರುತ್ತದೆ ಎಂದು ದೊಡ್ಡವರು ವರ್ಷವರ್ಷವೂ ಹೇಳುತ್ತ ಹೋದರು. ಆದರೆ ಹೇಳಿಕೆ ಬರೆದದ್ದು ನಿಜ. ಮುಂದಿನ ಶನಿವಾರ ಬೆಳಗ್ಗೆ, ಮೆರ್‌ಸ್ಟಾದಲ್ಲಿ, ತವಮಣಿಯ ಅಡಿಗೆಮನೆಯ ಮೇಜಿನ ಮೇಲೆ. ಶೋಭನಾ ಲ್ಯಾಪ್‌ಟಾಪು ತೆರೆದು ಕೂತಳು. ತವಮಣಿ ಎದುರಿಗೆ ಕೂರಲಿಲ್ಲ, ಪಕ್ಕದಲ್ಲಿ, ಪರದೆ ಕಾಣುವ ಹಾಗೆ ಕೂತಳು.

"ಬರಿ. ಹೋದ ನವೆಂಬರಲ್ಲಿ ಒಬ್ಬಳು ನನ್ನ ಮಾತು ಬರಕೊಂಡಳು. ಅದನ್ನ ಅಳಿಸಿ ಬೇರೆ ಬರೆದಳು. ಬರೆದದ್ದನ್ನ ಓದಲಿಲ್ಲ, ನಾನು ಹೇಳಿದ್ದನ್ನೇ ನನಗೆ ಓದಿದ ಹಾಗೆ ನಟಿಸಿದಳು. ನನಗೆ ಓದಕ್ಕೆ ಬರಲ್ಲ ಅಂತ ಅವಳಿಗೆ ಗೊತ್ತಿತ್ತು. ಅವಳ ಹೆಸರು ಶೋಭನಾ."

ಶೋಭನಾ ಟೈಪು ಮಾಡಿದಳು. ತವಮಣಿಯನ್ನು ನಾನು ಎಂದು ಬರೆದಳು. ಅವಳು ಎಂದು ತನ್ನನ್ನು ಬರೆದಳು.

"ಅಪ್ಪನ ಹೆಸರು?"

"ಏಳುಮಲೈ."

"ಅದನ್ನೂ ಹಾಕು. ಊರು?"

ಬೆಂಗಳೂರು ಎಂದು ಬಾಯಿಯವರೆಗೆ ಬಂತು. ತವಮಣಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಕೆಜಿಎಫ್," ಎಂದಳು ಶೋಭನಾ. "ಚಾಂಪಿಯನ್ ರೀಫ್. ಗಣಿ ಕೂಲಿಗಳ ಲೈನು. ನಮ್ಮ ತಾತ ಮುತ್ತಾತಂದಿರೂ ಆರ್ಕಾಟಿಂದಾನೇ ಬಂದೋರು."

"ನನಗೆ ಮೊದಲನೇ ದಿನವೇ ಗೊತ್ತಿತ್ತು," ಎಂದಳು ತವಮಣಿ. "ನಿನ್ನ ಮಾತಲ್ಲೇ ಗೊತ್ತಾಗಿತ್ತು. ಅದಕ್ಕೇ ಬಂದು ನಿನ್ನ ಎದುರಿಗೆ ಕೂತಿದ್ದು. ಬರಿ."

ಶೋಭನಾಳಿಗೆ ಪರದೆ ಮಂಜಾಯಿತು. ಒರೆಸಿಕೊಂಡು ಬರೆದಳು.

"ಯಾಕೆ ಮಾಡಿದಳು ಅಂತಾನೂ ಬೇಕಲ್ಲ ಲಾಯರಮ್ಮಂಗೆ. ಯಾಕೆ ಮಾಡ್ದೆ?"

ಹೇಳಬಹುದಾದ ಕಾರಣಗಳು ಬೇಕಾದಷ್ಟಿದ್ದವು. ಹಿರಿಯರ ಒತ್ತಡ ಎನ್ನಬಹುದಿತ್ತು. ಕೇಸಿನ ಹಿತ ಎನ್ನಬಹುದಿತ್ತು.

"ಭಾನುವಾರದ ಊಟಕ್ಕೆ," ಎಂದಳು.

"ಹಂಗೇ ಬರಿ."

ಹಾಗೇ ಬರೆದಳು. ಆಮೇಲೆ ಬಂಕರು, ಪಟ್ಟಿ, ಕಣ್ಣನ್, ಯೋಗನಾಥನ್, ಜಡೆ, ಹಿನ್ನೀರು, ಸಿಪಾಯಿ, ಬಸ್ಸು. ಮಧ್ಯಾಹ್ನವಾಯಿತು. ಏಳು ಪುಟಗಳನ್ನು ಕೆಳಗಿನ ಲೈಬ್ರರಿಯಲ್ಲಿ ಪ್ರಿಂಟು ಮಾಡಿಸಿಕೊಂಡು ಬಂದಳು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ತಮಿಳಿನಲ್ಲಿ ಓದಿ ಹೇಳಿದಳು. ತವಮಣಿ ನಡುನಡುವೆ ತಡೆದಳು. ಮಲರ್ ಎಲ್ಲಿ? ಇಲ್ಲಿ. ಮಾಸ್ತರು ಎಲ್ಲಿ? ಇಲ್ಲಿ. ನಿನ್ನ ಹೆಸರು ಎಲ್ಲಿ? ಇಲ್ಲಿ. ಪ್ರತಿ ಸಲವೂ ತನ್ನ ಬೆರಳನ್ನು ಅದರ ಮೇಲಿಟ್ಟು ಅಕ್ಷರ ಎಣಿಸಿ ನೋಡಿದಳು.

ಓದಿ ಮುಗಿಯಿತು. ಶೋಭನಾ ಪೆನ್ನು ಮುಂದೆ ಹಿಡಿದಳು.

"ಅಕ್ಕಾ, ನನ್ನ ಮೇಲೆ..."

"ಅಕ್ಕಾ ಅನ್ನಬೇಡ," ಎಂದಳು ತವಮಣಿ. ಪೆನ್ನು ಮುಟ್ಟಲಿಲ್ಲ. ಏಳೂ ಪುಟಗಳನ್ನು ಜೋಡಿಸಿ ಶೋಭನಾಳ ಮುಂದೆ ದೂಡಿದಳು. "ಇನ್ನೊಂದ್ಸಲ ಓದು. ಮೊದಲಿಂದ."